ಹಳೆ ಕಂಪ್ಯೂಟರ್, ಹಳೆ ಕಿರ್ದಿ: 2025ರಲ್ಲೂ ಡಾಸ್ ಯಾಕೆ ಓಡಿಸ್ಬೇಕು?

ಭಾಗ 1/10

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯಲ್ಲೋ, ಅಪ್ಪನ ಅಂಗಡಿಯಲ್ಲೋ, ಮಾವನ ಆಫೀಸಿನಲ್ಲೋ 1990ರ ದಶಕದ ಫ್ಲಾಪಿ ಒಂದಾದರೂ ಬಿದ್ದಿದೆಯಾ? ಇದ್ದರೆ, ಅದರೊಳಗೆ ಏನಿದೆ ಅಂತ ಇವತ್ತು ಯಾರಾದರೂ ತೆಗೆದು ತೋರಿಸಬಲ್ಲರಾ?

ಫೋಟೋದಲ್ಲಿ ಕಾಣ್ತಿರೋದು ನನ್ನ 486 ಕಂಪ್ಯೂಟರ್. ಕಪ್ಪು ಪರದೆ, ಅದರ ಮೇಲೆ ಮಿಣಮಿಣ ಅನ್ನೋ ಒಂದು ಸಣ್ಣ ಗೆರೆ, ಅಷ್ಟೇ. ಓಡ್ತಿರೋದು 1994ರ ಎಂಎಸ್-ಡಾಸ್ 6.22. ನಾನು ಹುಟ್ಟೋಕೆ ಹತ್ತು ವರ್ಷಕ್ಕೂ ಮುಂಚಿನದು. ಪಕ್ಕದಲ್ಲಿರೋ ಪೆಂಟಿಯಂ 3ರಲ್ಲಿ ವಿಂಡೋಸ್ 98 ಇದೆ. ಕೆಳಗಿರೋ 386 ಬರೀ ಫ್ಲಾಪಿ ಓದೋಕೆ. ಮೂರೂ ಗುಜರಿ ಅಂಗಡಿಯಿಂದ ಬಂದವು.

"ಈ ಡಬ್ಬಗಳನ್ನೆಲ್ಲ ಯಾಕೆ ಇಟ್ಕೊಂಡಿದೀಯ?" ಅಂತ ಕ್ಲಾಸಲ್ಲಿ ಕೇಳ್ತಾನೇ ಇರ್ತೀರಲ್ಲ, ಈ ಹತ್ತು ಭಾಗವೇ ಅದಕ್ಕೆ ಉತ್ತರ.

ನಾವು ಬಿಕಾಂನೋರು. ಮಾರ್ಚ್ 31ಕ್ಕೆ ಏನಾಗುತ್ತೆ ಅಂತ ನಮಗೆ ಗೊತ್ತು. ಹೊಸ ಪುಸ್ತಕಕ್ಕೆ ಹೋಗೋದು ಶಿಲ್ಕು ಮಾತ್ರ. ವರ್ಷವಿಡೀ ಯಾರಿಗೆ ಎಷ್ಟು ಕೊಟ್ಟೆವು, ಯಾಕೆ ಕೊಟ್ಟೆವು, ಯಾವ ದಿನ ಕೊಟ್ಟೆವು ಅನ್ನೋದೆಲ್ಲ ಹಳೆ ಪುಸ್ತಕದಲ್ಲೇ ಉಳಿಯುತ್ತೆ. ನಮ್ಮ ತಾತಂದಿರು ಅದನ್ನ ಕಿರ್ದಿ ಅಂತಿದ್ರು, ನಾವು ಡೇ ಬುಕ್ ಅಂತೀವಿ.

ಕಂಪ್ಯೂಟರ್ ಬದಲಾಯಿಸಿದಾಗಲೂ ಹೀಗೇ ಆಗುತ್ತೆ. ಡಾಸ್‌ನಿಂದ ವಿಂಡೋಸ್‌ಗೆ, ಅಲ್ಲಿಂದ ಕ್ಲೌಡ್‌ಗೆ ಹೋಗುವಾಗ ಶಿಲ್ಕು ಮುಂದಕ್ಕೆ ಹೋಯ್ತು. ಕಿರ್ದಿ ಹಳೆ ಯಂತ್ರದಲ್ಲೇ ಕೂತುಬಿಡ್ತು. ಆ ಯಂತ್ರ ಗುಜರಿಗೆ ಹೋದ ದಿನ ಕಿರ್ದಿನೂ ಜೊತೆಗೆ ಹೋಯ್ತು. ಹಳೆ ಆಪರೇಟಿಂಗ್ ಸಿಸ್ಟಮ್ ಓಡಿಸೋಕೆ ಬರುತ್ತೆ ಅಂದ್ರೆ ಆ ಕಿರ್ದಿ ತೆರೆಯೋಕೆ ಬರುತ್ತೆ ಅಂತ ಅರ್ಥ. ನಾನು ಹೇಳೋಕೆ ಹೊರಟಿರೋದು ಇಷ್ಟೇ.

ಭಾಗ 2/10

ಮೊದಲು ಆಪರೇಟಿಂಗ್ ಸಿಸ್ಟಮ್ ಅಂದ್ರೆ ಏನು ಅಂತ ನೋಡ್ಬಿಡೋಣ. ಅಡಿಕೆ ಮಂಡಿಯ ಗುಮಾಸ್ತರನ್ನ ನೆನಪು ಮಾಡ್ಕೊಳ್ಳಿ. ಸಾಹುಕಾರರು "ಹೋದ ವರ್ಷದ ಖಾತೆ ತಗೊಂಬಾ" ಅಂತಾರೆ. ಅದು ಯಾವ ಬೀರು, ಯಾವ ಸಾಲು, ಎಷ್ಟನೇ ಪುಸ್ತಕ ಅಂತ ಗೊತ್ತಿರೋದು ಗುಮಾಸ್ತರಿಗೆ. ಪ್ರೋಗ್ರಾಂ ಅಂದ್ರೆ ಸಾಹುಕಾರರು, ಆಪರೇಟಿಂಗ್ ಸಿಸ್ಟಮ್ ಅಂದ್ರೆ ಗುಮಾಸ್ತರು. ಗುಮಾಸ್ತರು ಕೆಲಸ ಬಿಟ್ಟು ಹೋದರೆ ಬೀರು ತುಂಬ ಪುಸ್ತಕ ಇದ್ದೂ ಪ್ರಯೋಜನ ಇಲ್ಲ.

1970ರ ದಶಕದಲ್ಲಿ ಸಣ್ಣ ಕಂಪ್ಯೂಟರ್‌ಗಳ ಹೆಸರಾಂತ ಗುಮಾಸ್ತ ಅಂದ್ರೆ ಸಿಪಿ/ಎಂ. ಅಮೆರಿಕದ ಗ್ಯಾರಿ ಕಿಲ್ಡಾಲ್ 1974ರಲ್ಲಿ ಮಾಡಿದ್ದು. 1980ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕ್ತಿದ್ದಾಗ ಕೆಲಸ ಸಿಕ್ಕಿದ್ದು ಮೈಕ್ರೋಸಾಫ್ಟ್‌ಗೆ. ತಮಾಷೆ ಏನಂದ್ರೆ, ಆ ಯಂತ್ರಕ್ಕೆ ಕೊಡೋಕೆ ಮೈಕ್ರೋಸಾಫ್ಟ್ ಹತ್ರಾನೂ ಏನೂ ಇರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಅನ್ನೋ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಅನ್ನೋರು 86-ಡಾಸ್ ಅಂತ ಒಂದನ್ನ ಬರೆದಿದ್ರು. ಮೈಕ್ರೋಸಾಫ್ಟ್ 1981ರ ಜುಲೈನಲ್ಲಿ 50,000 ಡಾಲರ್ ಕೊಟ್ಟು ಅದರ ಹಕ್ಕು ಪೂರ್ತಿ ಕೊಂಡುಕೊಳ್ತು. 1981ರ ಆಗಸ್ಟ್ 12ಕ್ಕೆ ಐಬಿಎಂ ಪಿಸಿ ಮಾರುಕಟ್ಟೆಗೆ ಬಂತು.

ಇಲ್ಲೊಂದು ವ್ಯಾಪಾರದ ಪಾಠ ಇದೆ. ಐಬಿಎಂ ಅದನ್ನ ಪಿಸಿ-ಡಾಸ್ ಅಂತ ಮಾರ್ತು. ಆದರೆ ಅದೇ ಸರಕನ್ನ ಎಂಎಸ್-ಡಾಸ್ ಅಂತ ಬೇರೆ ಕಂಪನಿಗಳಿಗೂ ಮಾರೋ ಹಕ್ಕನ್ನ ಮೈಕ್ರೋಸಾಫ್ಟ್ ತನ್ನ ಹತ್ರವೇ ಇಟ್ಕೊಂಡಿತ್ತು. ಮುಂದೆ ಐಬಿಎಂ ಪಿಸಿಯ ಹಾಗೇ ಕೆಲಸ ಮಾಡೋ ಯಂತ್ರಗಳನ್ನ ಬೇರೆಯವರು ಮಾಡೋಕೆ ಶುರು ಮಾಡಿದಾಗ ಅವರೆಲ್ಲ ಡಾಸ್‌ಗೆ ಮೈಕ್ರೋಸಾಫ್ಟ್ ಬಾಗಿಲಿಗೇ ಬರಬೇಕಾಯ್ತು.

ನಮ್ಮ ದೇಶಕ್ಕೂ ಪಿಸಿ ಹೀಗೇ ಬಂದಿದ್ದು. ಐಬಿಎಂ 1978ರಲ್ಲೇ ಭಾರತ ಬಿಟ್ಟು ಹೋಗಿತ್ತು. ಇಲ್ಲಿ ವಿಪ್ರೋ, ಎಚ್‌ಸಿಎಲ್‌ನಂಥ ಕಂಪನಿಗಳು ಪಿಸಿ ಮಾಡಿದ್ವು, ಆಮೇಲೆ ಬಿಡಿಭಾಗ ತಂದು ಜೋಡಿಸೋ "ಅಸೆಂಬಲ್ಡ್" ಅಂಗಡಿಗಳು ಬಂದ್ವು. ನನ್ನ 486 ಕೂಡ ಅಸೆಂಬಲ್ಡೇ. ಅದರ ಡಬ್ಬದ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ.

ಭಾಗ 3/10

ಜನ ಕಂಪ್ಯೂಟರ್ ಕೊಂಡಿದ್ದು ಗೇಮ್ ಆಡೋಕೆ ಅಂತ ಅಂದ್ಕೊಂಡಿದೀರಾ? ಆಫೀಸಿನೊಳಗೆ ಅದನ್ನ ಕರ್ಕೊಂಡು ಬಂದವನು ನಮ್ಮಂಥ ಒಬ್ಬ ಕಾಮರ್ಸ್ ವಿದ್ಯಾರ್ಥಿ.

ಡ್ಯಾನ್ ಬ್ರಿಕ್ಲಿನ್ 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಎಂಬಿಎ ಓದ್ತಿದ್ದರು. ಬೋರ್ಡಿನ ಮೇಲೆ ಉದ್ದುದ್ದ ಲೆಕ್ಕದ ಕೋಷ್ಟಕ. ಒಂದು ಸಂಖ್ಯೆ ಬದಲಾದರೆ ಅದಕ್ಕೆ ಅಂಟಿಕೊಂಡಿರೋದನ್ನೆಲ್ಲ ಅಳಿಸಿ ಮತ್ತೆ ಬರೀಬೇಕು. ಒಂದನ್ನ ಬದಲಾಯಿಸಿದರೆ ಉಳಿದದ್ದು ತಾನಾಗೇ ಬದಲಾಗೋ ಹಾಗಿದ್ದರೆ ಅನ್ನೋದು ಅವರ ಯೋಚನೆ. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಂ ಬರೆದರು. 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಬಂತು. ನಾವೀಗ ಬಳಸೋ ಎಲ್ಲ ಸ್ಪ್ರೆಡ್‌ಶೀಟ್‌ಗಳ ಮುತ್ತಜ್ಜಿ ಅದು. ಬರೀ ಅದಕ್ಕೋಸ್ಕರ ಕಂಪ್ಯೂಟರ್ ಕೊಂಡವರಿದ್ರು.

1981ರ ಐಬಿಎಂ ಪಿಸಿ ಆವೃತ್ತಿಯನ್ನ ಬ್ರಿಕ್ಲಿನ್ ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಇಡೀ ಪ್ರೋಗ್ರಾಂ 27 ಕಿಲೋಬೈಟ್ ಚಿಲ್ಲರೆ! ಕ್ಲಾಸ್ ಗ್ರೂಪಲ್ಲಿ ನೀವು ಕಳಿಸೋ ಒಂದು ಸ್ಟಿಕ್ಕರ್ ಅದಕ್ಕಿಂತ ದೊಡ್ಡದಿರಬಹುದು. ನನ್ನ 486ರಲ್ಲಿ ಎಂಟರ್ ಒತ್ತೋದೇ ತಡ, ತೆರ್ಕೊಳ್ಳುತ್ತೆ. ಮೌಸ್ ಇಲ್ಲ. ಓರೆಗೆರೆಯ ಕೀ ಒತ್ತಿದರೆ ಮೇಲೆ ಆಜ್ಞೆಗಳ ಸಾಲು ಬರುತ್ತೆ.

ಈಗ ನಿಮ್ಮ ಎಕ್ಸೆಲ್ ತೆಗೀರಿ. ಖಾಲಿ ಸೆಲ್ಲಿನಲ್ಲಿ ಅದೇ ಓರೆಗೆರೆ ಒತ್ತಿ ನೋಡಿ. ಮೇಲಿನ ಮೆನು ಎಚ್ಚರ ಆಗುತ್ತೆ! ವಿಸಿಕ್ಯಾಲ್ಕ್‌ನಿಂದ 1983ರ ಲೋಟಸ್ 1-2-3ಗೆ, ಅಲ್ಲಿಂದ ಎಕ್ಸೆಲ್‌ಗೆ ಬಂದ ರೂಢಿ ಅದು.

ಇನ್ನೊಂದು ಮಾಡಿ. ಒಂದು ಸೆಲ್ಲಿನಲ್ಲಿ 60 ಅಂತ ಬರೆದು ಅದನ್ನ ದಿನಾಂಕದ ರೂಪಕ್ಕೆ ಬದಲಾಯಿಸಿ. 1900ರ ಫೆಬ್ರವರಿ 29 ಅಂತ ತೋರಿಸುತ್ತೆ. ಅಂಥ ದಿನವೇ ಇರಲಿಲ್ಲ, ಯಾಕಂದ್ರೆ 1900 ಅಧಿಕ ವರ್ಷ ಅಲ್ಲ. ಲೋಟಸ್ 1-2-3ರಲ್ಲಿ ಆ ತಪ್ಪಿತ್ತು. ಲೋಟಸ್‌ನ ಫೈಲುಗಳು ಸರಿಯಾಗಿ ತೆರೆಯಲಿ ಅಂತ ಎಕ್ಸೆಲ್ ಆ ತಪ್ಪನ್ನೂ ಉಳಿಸಿಕೊಳ್ತು. ಇವತ್ತಿಗೂ ಇದೆ.

ಹಳೆ ಸಾಫ್ಟ್‌ವೇರ್ ಸತ್ತು ಹೋಗಿದೆ ಅಂತೀವಿ. ಅದರ ಅಭ್ಯಾಸಗಳು ನಮ್ಮ ಲ್ಯಾಪ್‌ಟಾಪಿನಲ್ಲೇ ಜೀವಂತ ಇವೆ.

ಭಾಗ 4/10

ಈಗ ನಮ್ಮೂರಿನ ಕಥೆಗೆ ಬರೋಣ. ನಾವೆಲ್ಲ ಲ್ಯಾಬಲ್ಲಿ ಟ್ಯಾಲಿ ಕಲೀತೀವಿ. ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್. ಇಂಟರ್ನಲ್ ಎಕ್ಸಾಮಿಗೆ ಬಾಯಿಪಾಠ ಮಾಡಿದ್ದು ಇನ್ನೂ ನೆನಪಿದೆ ತಾನೇ?

ಶ್ಯಾಮ್ ಸುಂದರ್ ಗೋಯೆಂಕಾ ಗಿರಣಿ ಮತ್ತು ಕಾರ್ಖಾನೆಗಳಿಗೆ ಬೇಕಾದ ಸಾಮಾನು ಪೂರೈಸೋ ವ್ಯಾಪಾರ ಮಾಡ್ತಿದ್ರು. ತಮ್ಮ ಲೆಕ್ಕ ಬರೆಯೋಕೆ ಒಪ್ಪುವಂಥ ಸಾಫ್ಟ್‌ವೇರ್ ಅವರಿಗೆ ಸಿಗಲಿಲ್ಲ. ಗಣಿತ ಪದವೀಧರನಾಗಿದ್ದ ಮಗ ಭರತ್ ಗೋಯೆಂಕಾ ಅವರಿಗೆ "ನೀನೇ ಒಂದು ಮಾಡಿಕೊಡು" ಅಂತ ವಹಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಬೆಂಗಳೂರಿನ ಕಂಪನಿ ಶುರುವಾಯ್ತು. ಮೊದಲ ಆವೃತ್ತಿಯ ಹೆಸರು ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್. ಅದು ಓಡ್ತಿದ್ದದ್ದು ಎಂಎಸ್-ಡಾಸ್ ಮೇಲೆ. ಕಂಪನಿಗೆ ಟ್ಯಾಲಿ ಸಲ್ಯೂಷನ್ಸ್ ಅನ್ನೋ ಹೆಸರು ಬಂದಿದ್ದು 1999ರಲ್ಲಿ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು.

ಟ್ಯಾಲಿ 4.5ರವರೆಗೂ ಡಾಸ್‌ನದೇ ರಾಜ್ಯ. ಮೌಸ್ ಇಲ್ಲದ ಮೇಜು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕರಕರ ಸದ್ದು, ಎರಡೂ ಬದಿಗೆ ತೂತಿರೋ ಉದ್ದನೆ ಕಾಗದ. ಟ್ಯಾಲಿ ಇವತ್ತಿಗೂ ಮೌಸ್ ಮುಟ್ಟದೆ ಬರೀ ಕೀಬೋರ್ಡಿನಲ್ಲಿ ಓಡುತ್ತಲ್ಲ, ಆ ಗುಣ ಬಂದಿದ್ದು ಆ ಕಾಲದಿಂದ. ಅನುಭವಸ್ಥ ಅಕೌಂಟೆಂಟ್ ಒಬ್ಬರು ಪರದೆ ನೋಡದೆ ವೋಚರ್ ಹಾಕೋದನ್ನ ಒಮ್ಮೆ ನೋಡಿ. ಅದು ಡಾಸ್ ಕಾಲದ ಬೆರಳು.

ಇಲ್ಲಿ ನಮ್ಮ ಭಾಗದ ಇತಿಹಾಸ ಎಷ್ಟಿದೆ ಯೋಚನೆ ಮಾಡಿ. ಅಡಿಕೆ ಮಂಡಿ, ರೇಷ್ಮೆ ವ್ಯಾಪಾರ, ಕಾಫಿ ಕ್ಯೂರಿಂಗ್, ಜವಳಿ ಅಂಗಡಿ, ಸಹಕಾರ ಸಂಘ. ಕೈಬರಹದ ಕಿರ್ದಿಯಿಂದ ಕಂಪ್ಯೂಟರಿಗೆ ಹೋದವರು ಮೊದಲು ಕಾಲಿಟ್ಟಿದ್ದು ಈ ಕಪ್ಪು ಪರದೆಗೆ. ಉದಾರೀಕರಣ ಬಂದ 1991ರ ಆಚೀಚೆಯ ವರ್ಷಗಳಲ್ಲಿ ಒಂದು ಸಣ್ಣ ಪೇಟೆಯ ವ್ಯಾಪಾರ ಹೇಗೆ ಬದಲಾಯ್ತು ಅಂತ ತಿಳ್ಕೊಳ್ಳೋಕೆ ಆ ಅಂಗಡಿಯ ದಿನದಿನದ ಲೆಕ್ಕಕ್ಕಿಂತ ಒಳ್ಳೆ ಸಾಕ್ಷಿ ಸಿಗುತ್ತಾ? ನಾವು ಪಠ್ಯಪುಸ್ತಕದಲ್ಲಿ ಓದೋದು ದೇಶದ ಮೊತ್ತ. ಆ ಮೊತ್ತ ಹುಟ್ಟಿದ್ದು ಇಂಥ ಅಂಗಡಿಗಳ ವೋಚರ್‌ನಲ್ಲಿ.

ಭಾಗ 5/10

"ಆ ಕಾಲದಲ್ಲಿ ಕಂಪ್ಯೂಟರಲ್ಲಿ ಕನ್ನಡ ಇತ್ತಾ?" ಅಂತ ಒಬ್ಬರು ಕೇಳಿದ್ರು. ಇತ್ತು. ಬಂದ ದಾರಿ ಮಾತ್ರ ಬಹಳ ಸ್ವಾರಸ್ಯ.

ಡಾಸ್‌ನ ಪರದೆಗೆ ಗೊತ್ತಿದ್ದದ್ದು 256 ಚಿಹ್ನೆ ಮಾತ್ರ. ಎಬಿಸಿಡಿ, ಅಂಕಿ, ಒಂದಿಷ್ಟು ಗೆರೆ. ಒತ್ತಕ್ಷರ, ಗುಣಿತ ಅದಕ್ಕೆ ಹೇಗೆ ಅರ್ಥ ಆಗಬೇಕು? ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಇದಕ್ಕೊಂದು ಉಪಾಯ ಮಾಡ್ತು. ಸಾಫ್ಟ್‌ವೇರ್ ಬದಲಾಯಿಸೋ ಬದಲು ಕಂಪ್ಯೂಟರಿನೊಳಗೆ ಒಂದು ಕಾರ್ಡನ್ನೇ ಸಿಕ್ಕಿಸಿದ್ರು. ಇಂಗ್ಲಿಷಿಗೆ ಅಂತ ಬರೆದಿದ್ದ ವರ್ಡ್‌ಸ್ಟಾರ್, ಡಿಬೇಸ್‌ನಂಥ ಪ್ರೋಗ್ರಾಂಗಳಲ್ಲೇ ಭಾರತೀಯ ಅಕ್ಷರ ಮೂಡ್ತಿತ್ತು. ಒಳಗೆ ಬಳಕೆಯಾಗ್ತಿದ್ದದ್ದು ಇಸ್ಕಿ ಅನ್ನೋ ಸಂಕೇತ, 1991ರಲ್ಲಿ ಭಾರತೀಯ ಮಾನಕ ಆಯ್ತು. ಅದರಲ್ಲಿ "ಕ"ಗೆ ಎಲ್ಲ ಭಾರತೀಯ ಲಿಪಿಯಲ್ಲೂ ಒಂದೇ ಸಂಖ್ಯೆ. ಹಾಗಾಗಿ ಒಂದೇ ಹೆಸರಿನ ಪಟ್ಟಿಯನ್ನ ಕನ್ನಡದಲ್ಲೂ ತೋರಿಸಬಹುದಿತ್ತು, ದೇವನಾಗರಿಯಲ್ಲೂ ತೋರಿಸಬಹುದಿತ್ತು.

ಆಮೇಲೆ ವಿಂಡೋಸ್ ಕಾಲದಲ್ಲಿ ಫಾಂಟ್‌ಗಳು ಬಂದ್ವು. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ. ಕೆ.ಪಿ. ರಾವ್ ಅವರ ಧ್ವನಿಗೆ ತಕ್ಕ ಕೀಲಿಮಣೆ ವಿನ್ಯಾಸ ಮನೆಮನೆಗೆ ಹೋಯ್ತು. ಆದರೆ ಆಗಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿದ್ರು. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಅದೇ ಫೈಲ್ ತೆರೆದರೆ ಪರದೆ ತುಂಬ ಅರ್ಥ ಆಗದ ಚಿಹ್ನೆ. ತಾಲ್ಲೂಕು ಕಚೇರಿ ಪಕ್ಕದ ಡಿಟಿಪಿ ಅಂಗಡಿಯವರನ್ನ ಕೇಳಿ ನೋಡಿ, ಈ ಗೋಳು ಅವರಿಗೆ ಚೆನ್ನಾಗಿ ಗೊತ್ತು.

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದ್ರೆ 1991ರಲ್ಲೇ, ಕನ್ನಡಕ್ಕೆ ಜಾಗ ಇತ್ತು. ಆದರೆ ವಿಂಡೋಸ್‌ನಲ್ಲಿ ಕನ್ನಡ ಅದರ ಮೂಲಕ ಸರಿಯಾಗಿ ಮೂಡಿದ್ದು 2001ರ ಎಕ್ಸ್‌ಪಿ ಬಂದಮೇಲೆ. ಈ ನಡುವಿನ ಹತ್ತು ವರ್ಷದಲ್ಲಿ ಎಷ್ಟು ಕಥೆ, ನಾಟಕ, ಲಗ್ನಪತ್ರಿಕೆ, ಸಂಘದ ವರದಿ ಟೈಪ್ ಆಗಿರಬೇಕು! ಹಳೆ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಾಯಿಸೋ ಸಾಧನಗಳು ಈಗ ಇವೆ. ಜಿಸ್ಟ್ ಕಾರ್ಡಿನ ಕಥೆ ಬೇರೆ. ಅದು ಕೂರೋ ಐಎಸ್ಎ ಸ್ಲಾಟ್ ನಿಮ್ಮ ಇವತ್ತಿನ ಕಂಪ್ಯೂಟರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಹಳೆ ಯಂತ್ರವೇ ಬೇಕು.

ಭಾಗ 6/10

ಹಾಗಾದರೆ ಬಾಗಿಲು ಮುಚ್ಚಿದ್ದು ಯಾವಾಗ? ಒಂದೇ ದಿನ ಮುಚ್ಚಲಿಲ್ಲ.

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಜನ ಡಾಸ್ ಮರೆಯೋಕೆ ಶುರು ಮಾಡಿದ್ರು, ಆದರೆ ಅದು ಒಳಗಡೆ ಇನ್ನೂ ಇತ್ತು. ವಿಂಡೋಸ್ 98ರಲ್ಲೂ ಡಾಸ್‌ಗೆ ಇಳಿದು ಕೆಲಸ ಮಾಡಬಹುದಿತ್ತು. ನನ್ನ ಪೆಂಟಿಯಂ 3 ಅದಕ್ಕೇ ಸರಿಯಾದ ಸೇತುವೆ. ಒಂದು ಕಾಲು ಡಾಸ್‌ನಲ್ಲಿ, ಇನ್ನೊಂದು ಕಾಲು ಪೆನ್‌ಡ್ರೈವ್ ಕಾಲದಲ್ಲಿ. ಎಕ್ಸ್‌ಪಿಯಲ್ಲಿ ಡಾಸ್ ತೆಗೆದುಹಾಕಿ ಅದರ ನಟನೆ ಮಾಡೋ ಒಂದು ಪದರ ಇಟ್ಟರು. 64 ಬಿಟ್ ವಿಂಡೋಸ್‌ನಲ್ಲಿ ಆ ಪದರವೂ ಹೋಯ್ತು. 32 ಬಿಟ್‌ನ ವಿಂಡೋಸ್ 10ರಲ್ಲಿ ಇನ್ನೂ ಒಂದು ಕಿಂಡಿ ಇತ್ತು. ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ, ಅಲ್ಲಿಗೆ ಕಿಂಡಿನೂ ಮುಚ್ತು. 1981ರ ವಿಸಿಕ್ಯಾಲ್ಕ್ ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ನೇರವಾಗಿ ತೆರೆಯಲ್ಲ.

ಈ ಕಥೆಯಲ್ಲೂ ಒಬ್ಬ ವಿದ್ಯಾರ್ಥಿ ಬರ್ತಾನೆ. 1994ರಲ್ಲಿ ಮೈಕ್ರೋಸಾಫ್ಟ್ ಎಂಎಸ್-ಡಾಸ್ ನಿಲ್ಲಿಸುತ್ತೆ ಅನ್ನೋದು ಗೊತ್ತಾದಾಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಭೌತಶಾಸ್ತ್ರ ಓದ್ತಿದ್ದ ಜಿಮ್ ಹಾಲ್‌ಗೆ ಬೇಜಾರಾಯ್ತು. ಅವನಿಗೆ ಡಾಸ್ ಇಷ್ಟ, ತನ್ನ ಕಾಲೇಜಿನ ಕೆಲಸವೆಲ್ಲ ಅದರಲ್ಲೇ ಮಾಡ್ತಿದ್ದ. ಆ ವರ್ಷ ಜೂನ್ 29ಕ್ಕೆ "ನಾವೇ ಒಂದು ಉಚಿತ ಡಾಸ್ ಬರೆಯೋಣ" ಅಂತ ಇಂಟರ್‌ನೆಟ್ಟಿನಲ್ಲಿ ಪ್ರಕಟಿಸಿದ. ಅದೇ ಫ್ರೀಡಾಸ್. 1.0 ಆವೃತ್ತಿ ಬರೋಕೆ 2006 ಆಯ್ತು. 2025ರಲ್ಲೂ ಹೊಸ ಆವೃತ್ತಿ ಬಂದಿದೆ. ಅಂಗಡಿಯಲ್ಲಿ ಕಡಿಮೆ ಬೆಲೆಯ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಎದುರಿಗೆ "ಡಾಸ್" ಅಂತ ಬರೆದಿರೋದು ನೋಡಿದೀರಾ? ಅದು ಸಾಮಾನ್ಯವಾಗಿ ಈ ಹುಡುಗನ ಡಾಸ್.

ಮೈಕ್ರೋಸಾಫ್ಟ್ ಕೂಡ ಆಮೇಲೆ ಮನಸ್ಸು ಬಿಚ್ಚಿತು. ಡಾಸ್‌ನ ಎರಡು ಹಳೆ ಆವೃತ್ತಿಗಳ ಮೂಲ ಕೋಡ್ 2014ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಹೊರಬಂತು. 2024ರಲ್ಲಿ 4.0ರ ಕೋಡನ್ನೂ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಗುಮಾಸ್ತರು ಕೆಲಸ ಬಿಟ್ಟರೂ ಅವರು ಹೇಗೆ ಕೆಲಸ ಮಾಡ್ತಿದ್ರು ಅನ್ನೋದು ಈಗ ಬರಹದಲ್ಲಿ ಉಳೀತು.

ಭಾಗ 7/10

ಇವತ್ತು ಕೈ ಕೊಳೆ ಮಾಡ್ಕೊಳ್ಳೋ ಭಾಗ. ಗುಜರಿಯಿಂದ ತಂದ ಹಳೆ ಕಂಪ್ಯೂಟರಿಗೆ ನೇರ ಕರೆಂಟ್ ಕೊಡಬೇಡಿ.

ಮೊದಲು ಡಬ್ಬ ಬಿಚ್ಚಿ, ಧೂಳು ತೆಗೆದು, ಮದರ್‌ಬೋರ್ಡಿನ ಬ್ಯಾಟರಿ ನೋಡಿ. 386, 486 ಕಾಲದ ಎಷ್ಟೋ ಬೋರ್ಡುಗಳಲ್ಲಿ ನೀಲಿ ಬಣ್ಣದ ಪೀಪಾಯಿಯಂಥ ಬ್ಯಾಟರಿಯನ್ನ ಬೆಸುಗೆ ಹಾಕಿರ್ತಾರೆ. ವರ್ಷ ಕಳೆದಂತೆ ಅದು ಸೋರಿ ತಾಮ್ರದ ಗೆರೆಗಳನ್ನ ತಿಂದುಬಿಡುತ್ತೆ. ಹಸಿರು ಕಿಲುಬು ಕಂಡರೆ ಗೊತ್ತಾಯ್ತು. ಬ್ಯಾಟರಿ ತೆಗೆದು ಬೋರ್ಡ್ ಶುಚಿ ಮಾಡಿ. ಪವರ್ ಸಪ್ಲೈ ಡಬ್ಬವನ್ನ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತಮೇಲೂ ಒಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತೆ. ಗೊತ್ತಿರೋ ಮೆಕ್ಯಾನಿಕ್ ಹತ್ರ ಪರೀಕ್ಷೆ ಮಾಡಿಸಿ.

ಹಳೆ ಹಾರ್ಡ್ ಡಿಸ್ಕ್ ತಿರುಗದೇ ಇರಬಹುದು. ಹಳೆ ಕ್ಯಾಮೆರಾಗಳಲ್ಲಿ ಬಳಸ್ತಿದ್ದ ಸಿಎಫ್ ಕಾರ್ಡನ್ನ ಒಂದು ಸಣ್ಣ ಅಡಾಪ್ಟರ್ ಮೂಲಕ ಜೋಡಿಸಿದರೆ ಕಂಪ್ಯೂಟರ್ ಅದನ್ನೇ ಹಾರ್ಡ್ ಡಿಸ್ಕ್ ಅಂತ ನಂಬುತ್ತೆ. ನನ್ನ 486 ಓಡ್ತಿರೋದು ಹಾಗೇ.

ಬಟನ್ ಒತ್ತಿದಮೇಲೆ ಒಳಗೆ ಏನಾಗುತ್ತೆ ಗೊತ್ತಾ? ಬಯಾಸ್ ಮೊದಲು ಮೆಮೊರಿ ಎಣಿಸುತ್ತೆ. ಆಮೇಲೆ ಡಿಸ್ಕಿನ ಮೊದಲ 512 ಬೈಟ್ ಓದುತ್ತೆ. ಡಾಸ್‌ನ ಮೂಲ ಫೈಲುಗಳು ಒಂದರ ಹಿಂದೆ ಒಂದು ಎದ್ದೇಳ್ತಾವೆ. ಕೊನೆಗೆ ನಿಮ್ಮ ಆಜ್ಞೆಗೆ ಕಾಯೋ ಆ ಮಿಣಮಿಣ ಗೆರೆ. ಇಡೀ ಎಂಎಸ್-ಡಾಸ್ 6.22 ಬರ್ತಿದ್ದದ್ದು ಮೂರು ಫ್ಲಾಪಿಗಳಲ್ಲಿ. ಒಂದು ಫ್ಲಾಪಿಗೆ ಹಿಡಿಸೋದು 1.44 ಎಂಬಿ.

ಎರಡು ವಿಚಿತ್ರ ಗಮನಿಸಿ. ಒಂದು, ಬ್ಯಾಟರಿ ಸತ್ತ ಕಂಪ್ಯೂಟರಲ್ಲಿ ಡಾಸ್ ಸಾಮಾನ್ಯವಾಗಿ 1980ರ ಜನವರಿ 1 ಅಂತ ತೋರಿಸುತ್ತೆ. ಡಾಸ್‌ನ ಪಂಚಾಂಗ ಶುರುವಾಗೋದೇ ಆ ದಿನದಿಂದ. ಲೆಕ್ಕದ ಪ್ರೋಗ್ರಾಂ ತೆರೆಯೋ ಮುಂಚೆ ದಿನಾಂಕ ಸರಿಮಾಡಿ, ಇಲ್ಲಾಂದ್ರೆ ಎಂಟ್ರಿಗಳೆಲ್ಲ 1980ಕ್ಕೆ ಹೋಗಿ ಕೂರ್ತಾವೆ. ಎರಡು, ಎಷ್ಟೇ ಮೆಮೊರಿ ಹಾಕಿದರೂ ಸಾಮಾನ್ಯ ಪ್ರೋಗ್ರಾಂಗೆ ಸಿಗೋದು 640 ಕೆಬಿ. ಮೊದಲ ಪಿಸಿಯ ಪ್ರೊಸೆಸರ್ ಎಣಿಸಬಲ್ಲದ್ದು 1 ಎಂಬಿ, ಅದರಲ್ಲಿ ಮೇಲಿನ 384 ಕೆಬಿಯನ್ನ ಪರದೆ ಮತ್ತು ಬಯಾಸ್‌ಗೆ ಮೀಸಲಿಟ್ಟಿದ್ರು. ಆ 640ರಲ್ಲಿ ಎಲ್ಲವನ್ನೂ ಹೊಂದಿಸೋದು ಒಂಥರಾ ಸಂಬಳ ಬರೋ ಮುಂಚಿನ ವಾರದ ಮನೆ ಖರ್ಚು.

ಭಾಗ 8/10

"ಇಷ್ಟೆಲ್ಲ ಮಾಡಿ ಸಿಗೋದೇನು?" ಹೇಳ್ತೀನಿ.

ನಮ್ಮ ಬೀದಿಯಲ್ಲಿ ಒಬ್ಬರು ಅಂಕಲ್ ಇದ್ದಾರೆ. ಅಂಗಡಿಗಳಿಗೆ ಲೆಕ್ಕ ಬರೆದುಕೊಡೋ ಕೆಲಸ ಮಾಡ್ತಿದ್ರು. ಆಂಟಿ ಕಂಪ್ಯೂಟರ್ ಮುಂದೆ ಕೂತು ಎಂಟ್ರಿ ಹಾಕ್ತಿದ್ರಂತೆ. ಆಂಟಿ ತೀರಿಕೊಂಡು ಕೆಲವು ವರ್ಷ ಆಯ್ತು. ಅಂಕಲ್ ಒಂದು ಸ್ಟೀಲ್ ಡಬ್ಬ ತಂದುಕೊಟ್ಟರು. ಒಳಗೆ 1997ರಿಂದೀಚಿನ ಫ್ಲಾಪಿಗಳು, ಜೊತೆಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ ಒಂದು ಸಣ್ಣ ಲಾಕ್. "ನೋಡಮ್ಮ, ಬಂದ್ರೆ ಬರ್ಲಿ. ಇಲ್ದಿದ್ರೆ ಎಸೆದುಬಿಡು" ಅಂದ್ರು. ಎಸೆಯೋಕೆ ಮನಸ್ಸಿದ್ದವರು ಇಷ್ಟು ವರ್ಷ ಇಟ್ಕೋತಾರಾ?

ಆ ಸಾಫ್ಟ್‌ವೇರ್ ಯಾವ ದೊಡ್ಡ ಕಂಪನಿಯದ್ದೂ ಅಲ್ಲ. ಆಗ ಊರಿನಲ್ಲೇ ಯಾರೋ ಬರೆದುಕೊಟ್ಟಿದ್ದು. ಆ ಲಾಕ್ ಇಲ್ಲದೆ ತೆರೆಯಲ್ಲ. ಲ್ಯಾಪ್‌ಟಾಪಿನಲ್ಲಿ ಡಾಸ್‌ನ ಅನುಕರಣೆ ಮಾಡೋ ಡಾಸ್‌ಬಾಕ್ಸ್ ಇದೆ, 2002ರಿಂದ ಇದೆ, ಎಷ್ಟೋ ಕೆಲಸಕ್ಕೆ ಅದೇ ಸಾಕು. ಆದರೆ ಲಾಕ್ ಸಿಕ್ಕಿಸೋ ಪೋರ್ಟ್ ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲ. ನಿಜವಾದ ಯಂತ್ರ ಬೇಕಾಗೋದು ಇಂಥ ಕಡೆ. 386ರಲ್ಲಿ ಫ್ಲಾಪಿಗಳನ್ನ ಒಂದೊಂದಾಗಿ ನಕಲು ತೆಗೆದು, ನಕಲನ್ನ ಮಾತ್ರ 486ಕ್ಕೆ ಹಾಕಿದ್ದು. ಕೆಲವು ಫ್ಲಾಪಿ ಓದಲೇ ಇಲ್ಲ, ಮೇಲೆ ಬೂಷ್ಟು ಕೂತಿತ್ತು. ಉಳಿದವು ಬಂದ್ವು.

ಬ್ಯಾಲೆನ್ಸ್ ಶೀಟ್ ಅಂಕಲ್ ನೋಡಲೇ ಇಲ್ಲ. ಅದರ ಪ್ರಿಂಟ್ ಅವರ ಹತ್ರ ಹೇಗೂ ಇತ್ತು. ಅವರು ಕೇಳಿದ್ದು ಡೇ ಬುಕ್. ಪ್ರತಿ ವೋಚರಿನ ಕೆಳಗೆ ನರೇಷನ್ ಬರೀತೀವಲ್ಲ, ಎಕ್ಸಾಮಲ್ಲಿ ನಾವು ಅರ್ಧ ಮಾರ್ಕಿಗೆ ಅಂತ ಗೀಚೋದು, ಅಲ್ಲಿ ಆಂಟಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ರು. "ಮಳೆ ಜೋರು, ಬೇಗ ಬಾಗಿಲು ಹಾಕಿದ್ದು." "ಸೆಟ್ಟರು ಹಬ್ಬಕ್ಕೆ ಅಂತ ಮುಂಗಡ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ." "ಕರೆಂಟ್ ಹೋಗಿತ್ತು, ನಿನ್ನೆಯದು ಇವತ್ತು."

ಅಂಕಲ್ ಬಾಣದ ಕೀ ಒತ್ತುತ್ತಾ ಒಂದೊಂದನ್ನೇ ಓದಿದ್ರು. "ಇವಳು ಇದನ್ನೆಲ್ಲ ಬರೀತಿದ್ಲು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದ್ರು.

ಹೊಸ ಸಾಫ್ಟ್‌ವೇರಿಗೆ ಹೋದಾಗ ಅವರೂ ಎಲ್ಲರ ಹಾಗೆ ಓಪನಿಂಗ್ ಬ್ಯಾಲೆನ್ಸ್ ಮಾತ್ರ ಹಾಕಿಕೊಂಡಿದ್ರು. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಲೆಕ್ಕಶಾಸ್ತ್ರದ ಪ್ರಕಾರ ಏನೂ ಕಳೆದಿರಲಿಲ್ಲ.

ಭಾಗ 9/10

ಇದು ಸಣ್ಣ ಬೀದಿಯ ಕಥೆ ಅಂತ ಬಿಡಬೇಡಿ. ದೊಡ್ಡ ದೇಶಗಳಿಗೂ ಆಗಿದೆ.

1085ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ರಾಜ್ಯದಲ್ಲಿ ಯಾರ ಹತ್ರ ಎಷ್ಟು ಭೂಮಿ, ಎಷ್ಟು ಎತ್ತು, ಎಷ್ಟು ಆದಾಯ ಇದೆ ಅಂತ ಲೆಕ್ಕ ತೆಗೆಸಿದ. 1086ರ ಆ ಲೆಕ್ಕವೇ ಡೂಮ್ಸ್‌ಡೇ ಬುಕ್. ಚರ್ಮದ ಹಾಳೆಯ ಮೇಲೆ ಶಾಯಿಯಲ್ಲಿ ಬರೆದಿದ್ದು. ಇವತ್ತಿಗೂ ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಓದೋಕೂ ಬರುತ್ತೆ.

ಅದಕ್ಕೆ 900 ವರ್ಷ ತುಂಬಿದ 1986ರಲ್ಲಿ ಬಿಬಿಸಿ ಹೊಸ ಕಾಲದ ಡೂಮ್ಸ್‌ಡೇ ಮಾಡ್ತು. ದೇಶದ ತುಂಬ ಶಾಲೆ ಮಕ್ಕಳು ತಮ್ಮ ಊರಿನ ಫೋಟೋ, ನಕ್ಷೆ, ದಿನಚರಿ ಕಳಿಸಿದ್ರು. ಎಲ್ಲವನ್ನೂ ದೊಡ್ಡ ಲೇಸರ್ ಡಿಸ್ಕ್‌ಗಳಲ್ಲಿ ಇಟ್ಟರು. ಅದನ್ನ ಓದೋಕೆ ಬಿಬಿಸಿ ಮಾಸ್ಟರ್ ಅನ್ನೋ ಕಂಪ್ಯೂಟರ್ ಮತ್ತು ಅದಕ್ಕಂತಲೇ ಮಾಡಿದ ಒಂದು ಪ್ಲೇಯರ್ ಬೇಕಿತ್ತು. ಹದಿನೈದು ವರ್ಷ ಕಳೆಯೋ ಹೊತ್ತಿಗೆ ಆ ಪ್ಲೇಯರ್‌ಗಳು ಅಪರೂಪ ಆದ್ವು. 900 ವರ್ಷದ ಚರ್ಮದ ಪುಸ್ತಕ ಓದಬಹುದು, 15 ವರ್ಷದ ಡಿಸ್ಕ್ ಓದೋದು ಕಷ್ಟ! ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಕಮಿಲಿಯನ್ ಯೋಜನೆಯವರು 2002ರಲ್ಲಿ ಹಳೆ ಯಂತ್ರದ ಅನುಕರಣೆ ಬರೆದು ಅದನ್ನ ಮತ್ತೆ ತೆರೆದು ತೋರಿಸಿದ್ರು. ಅವರಿಗೆ ಅದು ಸಾಧ್ಯ ಆಗಿದ್ದು ಓಡೋ ಸ್ಥಿತಿಯ ಹಳೆ ಯಂತ್ರ ಇನ್ನೂ ಉಳಿದಿದ್ದರಿಂದ. ಡಿಸ್ಕಿನಿಂದ ಮಾಹಿತಿ ಹೊರಗೆ ತೆಗೆಯೋಕೆ ಬೇರೆ ದಾರಿ ಇರಲಿಲ್ಲ.

ಹಾಗಾದರೆ ಮ್ಯೂಸಿಯಂನವರು ನೋಡ್ಕೋತಾರೆ ಬಿಡು ಅನ್ನೋಣವಾ? ಮೈಕ್ರೋಸಾಫ್ಟ್ ಸಹ ಸಂಸ್ಥಾಪಕ ಪಾಲ್ ಅಲೆನ್ ಸಿಯಾಟಲ್‌ನಲ್ಲಿ ಲಿವಿಂಗ್ ಕಂಪ್ಯೂಟರ್ಸ್ ಅನ್ನೋ ಮ್ಯೂಸಿಯಂ ಕಟ್ಟಿದ್ರು. 2012ರಲ್ಲಿ ಸಾರ್ವಜನಿಕರಿಗೆ ತೆರೆದಿತ್ತು. ಹೆಸರಿಗೆ ತಕ್ಕ ಹಾಗೆ ಅಲ್ಲಿ ಯಂತ್ರಗಳು ಗಾಜಿನ ಹಿಂದೆ ಸತ್ತು ಕೂತಿರಲಿಲ್ಲ, ಓಡ್ತಿದ್ವು. ಬಂದವರು ಕೂತು ಟೈಪ್ ಮಾಡಬಹುದಿತ್ತು. ಅಲೆನ್ 2018ರಲ್ಲಿ ತೀರಿಕೊಂಡರು. 2020ರಲ್ಲಿ ಕೊರೋನಾಕ್ಕೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. 2024ರಲ್ಲಿ ಸಂಗ್ರಹದ ಎಷ್ಟೋ ವಸ್ತುಗಳು ಕ್ರಿಸ್ಟೀಸ್ ಹರಾಜಿಗೆ ಹೋದ್ವು.

ದುಡ್ಡಿದ್ದವರ ಮ್ಯೂಸಿಯಂಗೇ ಹೀಗಾದರೆ ನಮ್ಮ ಪೇಟೆಯ ಲೆಕ್ಕ ಯಾರ ಜವಾಬ್ದಾರಿ?

ಭಾಗ 10/10

ಕೊನೆ ಭಾಗ. ಇದನ್ನ ಸೇವ್ ಮಾಡ್ಕೊಳ್ಳಿ.

ನಮ್ಮಲ್ಲಿ ಹಿಂದೆ ಕಡತ ಅಂತ ಇತ್ತು. ಆಫೀಸಿನ ಫೈಲಿಗೆ ಈಗ ಆ ಹೆಸರು ಉಳಿದಿದೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಲ್ಲಿ ಬರೀತಿದ್ರು. ಕಪ್ಪು ಮೈ ಮೇಲೆ ಬಿಳಿ ಅಕ್ಷರ, ಡಾಸ್ ಪರದೆಯ ಹಾಗೇ! ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಧಾರ. ಉತ್ತರ ಕರ್ನಾಟಕದಲ್ಲಿ ಪೇಶ್ವೆಯರ ಕಾಲದ ಎಷ್ಟೋ ಲೆಕ್ಕಪತ್ರ ಮೋಡಿ ಲಿಪಿಯಲ್ಲಿವೆ. ಕಾಗದ ಚೆನ್ನಾಗಿದೆ, ಶಾಯಿ ಚೆನ್ನಾಗಿದೆ, ಓದೋರು ಕಡಿಮೆ. ಅದಕ್ಕೇ ಮೋಡಿ ಬಲ್ಲವರಿಗೆ ಅಷ್ಟು ಬೆಲೆ.

ಡಾಸ್ ಕೂಡ ಈಗ ಒಂದು ಮೋಡಿ ಲಿಪಿ. ಬಲ್ಲವರು ಪ್ರತಿ ಊರಲ್ಲೂ ಒಬ್ಬಿಬ್ಬರಾದರೂ ಇರಬೇಕು. ಫ್ಲಾಪಿಗೆ ಮಾತ್ರ ಚರ್ಮದ ಹಾಳೆಯಷ್ಟು ಆಯಸ್ಸಿಲ್ಲ. ಕಾಂತದ ಪದರ ಸವೆಯುತ್ತೆ, ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ. ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕ ಇಡಬೇಕಾದ್ದು ಎಂಟು ಆರ್ಥಿಕ ವರ್ಷ. ಅದು ಕಾನೂನಿನ ಅವಧಿ. ಇತಿಹಾಸದ ಅವಧಿ ಅದಲ್ಲ.

ಈ ರಜೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು:

ಮನೆಯಲ್ಲಿ, ಅಂಗಡಿಯಲ್ಲಿ ಹಳೆ ಫ್ಲಾಪಿ, ಸಿಡಿ, ಹಾರ್ಡ್ ಡಿಸ್ಕ್ ಇದೆಯಾ ಅಂತ ಕೇಳಿ. ಅದನ್ನ ಬರೆದವರು ಇದ್ದರೆ ಯಾವ ಸಾಫ್ಟ್‌ವೇರ್, ಯಾವ ವರ್ಷ ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಆ ಚೀಟಿಯೇ ಅರ್ಧ ಕೆಲಸ.

ಬೂಷ್ಟು ಹಿಡಿದ ಫ್ಲಾಪಿಯನ್ನ ಹಾಗೇ ಡ್ರೈವಿಗೆ ಹಾಕಬೇಡಿ. ಡ್ರೈವಿನ ತಲೆ ಕೊಳೆಯಾಗಿ ಮುಂದಿನ ಫ್ಲಾಪಿನೂ ಹಾಳಾಗುತ್ತೆ.

ಮೊದಲು ಇಡೀ ಫ್ಲಾಪಿಯ ನಕಲು ತೆಗೀರಿ. ಏನೇ ಪ್ರಯೋಗ ಇದ್ದರೂ ನಕಲಿನ ಮೇಲೆ.

ಡಾಸ್‌ಬಾಕ್ಸ್‌ನಲ್ಲಿ ತೆರೆದು ನೋಡಿ. ತೆರೆದರೆ ಡೇ ಬುಕ್ಕನ್ನ ಪಠ್ಯ ರೂಪದಲ್ಲಿ ಹೊರಗೆ ತೆಗೆದು ಇಡಿ. ನರೇಷನ್ ಬಿಡಬೇಡಿ.

ಬೇರೆಯವರ ಲೆಕ್ಕ ಆದರೆ ಅವರನ್ನ ಕೇಳದೆ ಎಲ್ಲೂ ಹಾಕಬೇಡಿ. ಮೇಲೆ ಹೇಳಿದ ಆಂಟಿಯ ಸಾಲುಗಳನ್ನ ಅಂಕಲ್ ಒಪ್ಪಿಗೆ ಪಡೆದೇ ಬರೆದಿದ್ದು.

ಲ್ಯಾಪ್‌ಟಾಪಿನಲ್ಲಿ ತೆರೆಯದ್ದು ಇದ್ದರೆ ನನಗೆ ಮೆಸೇಜ್ ಮಾಡಿ. 386ರ ಡ್ರೈವ್ ಶುಚಿ ಮಾಡಿ ಇಟ್ಟಿದೀನಿ. ಭಾನುವಾರ ಬೆಳಿಗ್ಗೆ ಬನ್ನಿ, ಫ್ಲಾಪಿ ಜೊತೆ ಅದನ್ನ ಬರೆದವರನ್ನೂ ಕರ್ಕೊಂಡು ಬನ್ನಿ.

#ಹಳೆಕಂಪ್ಯೂಟರ್ #ಡಾಸ್ #ಬಿಕಾಂ #ಕಿರ್ದಿ #ಕನ್ನಡದಲ್ಲಿಇತಿಹಾಸ